ಹೆಸರಿಗೆ ಕೂಲಿಯಿಲ್ಲ

"ನಾನೇನು ವಜ್ರ ವೈಡೂರ್ಯ ಕೇಳಿದ್ನಾ?"

ಈ ಮಾತು ಕಿವಿಗೆ ಬೀಳದೆ ಸಂಸಾರ ಮಾಡಿದ ಗಂಡಸು ಕನ್ನಡನಾಡಿನಲ್ಲಿ ಇರಲಾರ. ಸೀಮೆಎಣ್ಣೆ ಮುಗಿದಾಗ, ಹಬ್ಬಕ್ಕೆ ಸೀರೆ ಬರದಿದ್ದಾಗ, ತವರಿಗೆ ಹೋಗಲು ಬಸ್ ಚಾರ್ಜು ಕೇಳಿದಾಗ ನಮ್ಮಮ್ಮನ ಬಾಯಲ್ಲಿ ಇದು ಬಂದೇ ಬರುತ್ತಿತ್ತು. ಬೇರೆ ಮನೆಗಳಲ್ಲಿ ಇದಕ್ಕೆ ಗಂಡನ ಕಡೆಯಿಂದ ಉತ್ತರವಿರುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಸಂಜೆ ಉತ್ತರ ಬಂತು. ಅಪ್ಪ ಅಕ್ಕಸಾಲಿ. ಎಚ್.ಡಿ. ಕೋಟೆಯ ನಮ್ಮ ಮನೆಯ ಪಡಸಾಲೆಯೇ ಅವರ ಅಂಗಡಿ. ಕುಲುಮೆಯಿಂದ ತಲೆಯೆತ್ತದೆ, "ವಜ್ರ ಇಲ್ಲ. ವೈಡೂರ್ಯ ಅದೆ, ನೋಡ್ತೀಯಾ?" ಅಂದರು.

ಕೊಡಗಿನ ಕಡೆಯ ತೋಟದ ಸಾಹುಕಾರರೊಬ್ಬರು ಉಂಗುರಕ್ಕೆ ಕಟ್ಟಿಕೊಡಲು ಬಿಟ್ಟುಹೋಗಿದ್ದ ಹರಳು ಅದು. ಅಪ್ಪ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಎತ್ತಿ, ಅಮ್ಮನ ಅಂಗೈ ಮೇಲಿಟ್ಟು ದೀಪ ಹತ್ತಿರ ತಂದರು. ತೊಗರಿಕಾಳಿಗಿಂತ ತುಸು ದಪ್ಪ, ಜೇನಿನ ಬಣ್ಣ, ಬೆನ್ನು ಗುಬ್ಬಿ ಮೊಟ್ಟೆಯ ಹಾಗೆ ಉಬ್ಬು. ದೀಪ ಬಂದದ್ದೇ ತಡ, ಅದರ ನಡುವೆ ಹಾಲಿನಂಥ ಒಂದು ಗೆರೆ ಎದ್ದಿತು. ಅಪ್ಪ ದೀಪ ಆಚೆ ಸರಿಸಿದರೆ ಗೆರೆಯೂ ಸರಿಯಿತು. ಅಮ್ಮ ಕೈ ಓರೆ ಮಾಡಿದರೆ ಗೆರೆ ಇತ್ತ ಓಡಿತು. ಹತ್ತು ವರ್ಷದ ನನಗೆ ಕಲ್ಲಿನೊಳಗೆ ಬೆಕ್ಕು ಕೂತು ನಮ್ಮನ್ನು ನೋಡುತ್ತಿದೆ ಅನ್ನಿಸಿ ಮೈ ಜುಮ್ಮೆಂದಿತು. ಅಮ್ಮ ಎರಡು ನಿಮಿಷ ನೋಡಿದರು. ಆಮೇಲೆ, "ಇಷ್ಟೇನಾ? ಇದಕ್ಕಾ ನಾನು ಇಷ್ಟು ವರ್ಷ ಬಾಯಿ ನೋಯಿಸ್ಕೊಂಡಿದ್ದು?" ಎಂದು ಒಲೆಯ ಕಡೆ ಹೋದರು.

ಆ ಗೆರೆ ಕಲ್ಲಿನಲ್ಲಿ ಇಲ್ಲ ಎಂದು ಅಪ್ಪ ನನಗೆ ಹೇಳಿದ್ದು ಅವತ್ತೇ. ಒಳಗೆ ಕೂದಲಿಗಿಂತ ಸಣ್ಣ ಸೂಜಿಗಳು ಲೆಕ್ಕವಿಲ್ಲದಷ್ಟು ಒಂದೇ ದಿಕ್ಕಿಗೆ ಮಲಗಿರುತ್ತವೆ. ರೇಷ್ಮೆನೂಲಿನ ಉಂಡೆಯನ್ನು ಬಿಸಿಲಿಗೆ ಹಿಡಿದರೆ ನೂಲಿಗೆ ಅಡ್ಡಲಾಗಿ ಹೊಳಪಿನ ಪಟ್ಟೆ ಕಾಣುವ ಹಾಗೆ, ಬೆಳಕು ಬಿದ್ದಾಗ ಸೂಜಿಗಳಿಗೆ ಅಡ್ಡವಾಗಿ ಗೆರೆ ಕಾಣುತ್ತದೆ. ಸಾಣೆ ಹಿಡಿಯುವವನು ಸೂಜಿಗಳ ಮಲಗು ನೋಡಿ ಉಬ್ಬು ತೆಗೆದರೆ ಗೆರೆ ನಟ್ಟನಡುವೆ ನಿಲ್ಲುತ್ತದೆ. ಲೆಕ್ಕ ತಪ್ಪಿದರೆ ಸೊಟ್ಟಗೆ ಕೂರುತ್ತದೆ. ವಜ್ರದ ಹಾಗೆ ಮುಖ ಕೊಯ್ದರೆ ಮಾಯವೇ. ಕಲ್ಲು ಬೇಕು, ದೀಪ ಬೇಕು, ನೋಡುವ ಕಣ್ಣು ಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಗೆರೆಯಿಲ್ಲ.

ಇದಾದ ಕೆಲವು ತಿಂಗಳಿಗೆ, ಸಂತೆಯ ದಿನ, ಕಾಡಂಚಿನ ಹಳ್ಳಿಯ ಹೆಂಗಸೊಬ್ಬಳು ಬಂದಳು. ಮಗನಿಗೆ ಆರು ವರ್ಷ, ಫಿಟ್ಸ್ ಬರುತ್ತಿತ್ತು. ಶಾಸ್ತ್ರ ಹೇಳುವವರು ಕೇತುದೆಸೆ ಎಂದು ಹೇಳಿ ವೈಡೂರ್ಯದ ಉಂಗುರ ಹಾಕಿಕೊಳ್ಳಲು ತಿಳಿಸಿದ್ದರು. ಅಪ್ಪ ಮೊದಲು ಕೇಳಿದ್ದು, "ಆಸ್ಪತ್ರೆಗೆ ತೋರಿಸಿದ್ಯೇನವ್ವಾ?" ಎಂದು. ತೋರಿಸಿದ್ದಳು, ಮೈಸೂರಿನ ದೊಡ್ಡಾಸ್ಪತ್ರೆಯ ಮಾತ್ರೆ ನಡೆಯುತ್ತಿತ್ತು. ಅವಳ ಸೆರಗಿನ ಗಂಟಿನಲ್ಲಿ ಮೂವತ್ತು ರೂಪಾಯಿ ಇತ್ತು. ವೈಡೂರ್ಯದ ಮಾತು ಆ ದುಡ್ಡಿನಲ್ಲಿ ಎತ್ತುವ ಹಾಗೇ ಇರಲಿಲ್ಲ. ಅಪ್ಪನ ಡಬ್ಬಿಯಲ್ಲಿ ಇನ್ನೊಂದು ಜಾತಿಯ ಬೆಕ್ಕಿನಕಣ್ಣು ಇತ್ತು. ಸ್ಫಟಿಕದ ಕುಲದ್ದು, ಗೆರೆ ಹಾಗೇ ಓಡುತ್ತದೆ, ಸ್ವಲ್ಪ ಮಂಕು, ಕೈಗೆ ಹಗುರ. ಅದನ್ನು ಬೆಳ್ಳಿಯಲ್ಲಿ ಕಟ್ಟಿ ಮುಂದಿನ ಸಂತೆಗೆ ಕೊಟ್ಟರು.

"ಆಚಾರ್ರೇ, ವೈಡೂರ್ಯ ತಾನೆ?"

"ಅಲ್ಲ ಕಣವ್ವ. ಬೆಕ್ಕಿನಕಣ್ಣು ಅಂತಾರೆ, ಸ್ಫಟಿಕ. ವೈಡೂರ್ಯ ಬೇಕಂದ್ರೆ ಜೋಡಿ ಎತ್ತು ಮಾರಬೇಕಾಯ್ತದೆ. ನಾನು ಕಲ್ಲಿಗೆ ಆರು ರೂಪಾಯಿ ಹಾಕಿವ್ನಿ, ಅಷ್ಟೇ."

"ಇರ್ಲಿ ಸಾಮಿ. ನಿಮ್ಮ ಬಾಯಲ್ಲಿ ವೈಡೂರ್ಯ ಅಂತ ಒಂದು ಸಲ ಅಂದು ಕೊಟ್ಬುಡಿ. ಅಷ್ಟು ಸಾಕು."

ಅಪ್ಪ ಊದುಗೊಳವೆ ಎತ್ತಿಕೊಂಡರು, ಕೆಳಗಿಟ್ಟರು. ಬಾಯಿ ತೆರೆಯಲಿಲ್ಲ. ಉಂಗುರ ಇಬ್ಬರ ನಡುವೆ ಮಣೆಯ ಮೇಲೆ ಕೂತಿತ್ತು. ಒಳಗಿನಿಂದ ಅಮ್ಮ ಬಂದರು, ರಾಗಿಹಿಟ್ಟಿನ ಕೈ ಸೆರಗಿಗೆ ಒರೆಸಿ, ಉಂಗುರ ತೆಗೆದು ಅವಳ ಕೈಯಲ್ಲಿಟ್ಟು, "ತಕೊಳವ್ವ, ವೈಡೂರ್ಯ. ನಿನ್ನ ಮಗ ಚೆಂದಾಗಿರ್ಲಿ" ಅಂದರು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಆ ರಾತ್ರಿ ಜಗಳ. "ಒರೆಗಲ್ಲು ಇಟ್ಕೊಂಡಿರೋ ಮನೇಲಿ ಕೂತು ಸುಳ್ಳಾಡಿದೆ" ಎಂದರು ಅಪ್ಪ. "ನಾನೆಲ್ಲಿ ಸುಳ್ಳಾಡಿದೆ? ಅಲ್ಲ ಅಂತ ನೀವು ಹೇಳಿದ್ರಿ, ಅವಳು ಕೇಳಿಸ್ಕೊಂಡ್ಳು. ಆಮೇಲೆ ಅವಳು ಕೇಳಿದ್ದು ಕಲ್ಲಲ್ಲ, ಹೆಸರು. ಹೆಸರಿಗೇನು ಕೂಲಿ ತಕೊಂಡ್ವಾ?" ಎಂದರು ಅಮ್ಮ. ಚಾಪೆಯ ಮೇಲೆ ನಿದ್ದೆ ಬಂದವನ ಹಾಗೆ ಮಲಗಿ ಎರಡೂ ಮಾತು ಕೇಳಿಸಿಕೊಂಡೆ. ಯಾರು ಸರಿ ಎಂದು ಅವತ್ತು ಗೊತ್ತಾಗಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ, ಮಕ್ಕಳು 'ವೈಢೂರ್ಯ' ಎಂದು ಬರೆದಾಗೆಲ್ಲ ಮಹಾಪ್ರಾಣದ ಸೀಳಿದ ಹೊಟ್ಟೆ ಹೊಲಿದು ಅಲ್ಪಪ್ರಾಣ ಮಾಡುತ್ತ, ಈ ಪ್ರಶ್ನೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಕಲ್ಲಿಗೂ ಹೆಸರಿಗೂ ಇರುವ ಗಂಟು ಯಾವ ಬಗೆಯದು? ಅದನ್ನು ಬಿಚ್ಚಿ ಬೇರೆಡೆ ಕಟ್ಟುವ ಅಧಿಕಾರ ಯಾರಿಗಿದೆ?

ಅಪ್ಪನ ಪರವಾಗಿ ಸಾಕ್ಷಿ ಹುಡುಕಲೆಂದೇ ಮೊದಲು ಹೊರಟೆ. ವೈಡೂರ್ಯ ಅಂದರೆ ಇಂಥದ್ದೇ ಕಲ್ಲು ಎಂದು ಹಳಬರು ಖಚಿತವಾಗಿ ಬರೆದಿರಬೇಕಲ್ಲ. ಕೌಟಿಲ್ಯನ ಅರ್ಥಶಾಸ್ತ್ರಕ್ಕಿಂತ ಬಿಗಿಯಾದ ಲೆಕ್ಕದ ಪುಸ್ತಕ ಇನ್ನೊಂದು ಸಿಗುವುದಿಲ್ಲ. ಅದನ್ನು ಓಲೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು, ಹಾಗಾಗಿ ನಮ್ಮೂರ ಕಡೆಯ ಅಭಿಮಾನವೂ ಸೇರಿತ್ತು. ಬೊಕ್ಕಸಕ್ಕೆ ಬರುವ ರತ್ನಗಳ ಅಧ್ಯಾಯ ತೆರೆದರೆ ವೈಡೂರ್ಯದ ಕೆಳಗೆ ಇದ್ದ ಬಣ್ಣಗಳು ಇವು: ಕನ್ನೈದಿಲೆ, ಬಾಗೆಹೂ, ನೀರು, ಬಿದಿರು, ಗಿಳಿಯ ಗರಿ. ಬೆಕ್ಕಿನ ಕಣ್ಣಿನ ಸುದ್ದಿಯಿಲ್ಲ. ಅಷ್ಟೇ ಅಲ್ಲ, ಪುಷ್ಯರಾಗ, ಗೋಮೇದಕಗಳೂ ಅದೇ ಸಾಲಿನಲ್ಲಿ ವೈಡೂರ್ಯದ ಬಗೆಗಳಾಗಿ ಕೂತಿದ್ದವು. ಇವತ್ತಿನ ನವರತ್ನದ ಉಂಗುರದಲ್ಲಿ ಪುಷ್ಯರಾಗ ಗುರುವಿಗೆ, ಗೋಮೇದಕ ರಾಹುವಿಗೆ, ವೈಡೂರ್ಯ ಕೇತುವಿಗೆ. ಮೂರು ಗ್ರಹಗಳಿಗೆ ಪಾಲಾಗಿರುವ ಮನೆ ಆಗ ಅವಿಭಕ್ತ ಕುಟುಂಬ. ವರಾಹಮಿಹಿರ ಆರನೇ ಶತಮಾನದಲ್ಲಿ ಬೃಹತ್ಸಂಹಿತೆಯಲ್ಲಿ ಇಪ್ಪತ್ತೆರಡು ರತ್ನಗಳ ಹೆಸರು ಹೇಳಿ, ವಜ್ರ, ಮುತ್ತು, ಮಾಣಿಕ್ಯ, ಮರಕತ ಈ ನಾಲ್ಕರ ಲಕ್ಷಣಗಳನ್ನು ಮಾತ್ರ ವಿವರಿಸುತ್ತಾನೆ. ವೈಡೂರ್ಯಕ್ಕೆ ಅಲ್ಲಿ ಹೆಸರಷ್ಟೇ ಸಿಕ್ಕಿತು.

ಇನ್ನು ವ್ಯಾಕರಣದವರು. ವಿದೂರದಲ್ಲಿ ಹುಟ್ಟಿದ್ದು ವೈಡೂರ್ಯ ಎಂದು ಪಾಣಿನಿ ಒಂದು ಪುಟ್ಟ ಸೂತ್ರ ಬರೆದ. ಇನ್ನೂರು ವರ್ಷಕ್ಕೂ ಹೆಚ್ಚು ಕಳೆದ ಮೇಲೆ ಮಹಾಭಾಷ್ಯದ ಪತಂಜಲಿ ಆ ಸೂತ್ರಕ್ಕೆ ಬಂದಾಗ ಅಕ್ಕಸಾಲಿಯ ಮಗ ಕೇಳಬಹುದಾದ ಪ್ರಶ್ನೆಯನ್ನೇ ಎತ್ತುತ್ತಾನೆ: ಆ ಕಲ್ಲು ಹುಟ್ಟುವುದು ವಿದೂರದಲ್ಲಿ ಅಲ್ಲವಲ್ಲ, ವಾಲವಾಯ ಎಂಬ ಬೆಟ್ಟದಲ್ಲಿ, ವಿದೂರದಲ್ಲಿ ಅದಕ್ಕೆ ಸಾಣೆ ಹಿಡಿಯುತ್ತಾರೆ, ಅಷ್ಟೇ. ಹಾಗಾದರೆ ಸೂತ್ರ ತಪ್ಪೇ? ತಪ್ಪಲ್ಲ ಎನ್ನಲು ಅವನು ಕೊಡುವ ದಾರಿಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ವರ್ತಕರು ವಾರಾಣಸಿಯನ್ನು ತಮ್ಮೊಳಗೆ 'ಜಿತ್ವರೀ' ಎಂದು ಕರೆದುಕೊಳ್ಳುತ್ತಾರಂತೆ. ಹಾಗೆಯೇ ವಾಲವಾಯವನ್ನು ವೈಯಾಕರಣರು ವಿದೂರ ಎಂದು ಕರೆದುಕೊಂಡಿದ್ದಾರೆ ಅಂದುಕೊಳ್ಳಿ ಎನ್ನುತ್ತಾನೆ. ಅಂದರೆ ಒಂದು ಗುಂಪಿನವರು ಗೊತ್ತಿದ್ದೂ, ಪರಸ್ಪರ ಒಪ್ಪಿ ಒಂದು ಹೆಸರಿಟ್ಟುಕೊಂಡರೆ ಅದು ಸುಳ್ಳಲ್ಲ. ಇದನ್ನು ಓದಿದಾಗ ಅಮ್ಮನ ರಾಗಿಹಿಟ್ಟಿನ ಕೈ ಕಣ್ಣಮುಂದೆ ಬಂತು. ಆ ಹೆಂಗಸಿಗೂ ಅಮ್ಮನಿಗೂ ಗೊತ್ತಿತ್ತು. ಇಬ್ಬರೂ ಒಪ್ಪಿದ್ದರು. ಅದು ಅವರಿಬ್ಬರ ಜಿತ್ವರೀ.

ಪಾಲಿಯಲ್ಲಿ ಈ ಹೆಸರು 'ವೇಳುರಿಯ' ಆಗುತ್ತದೆ. ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಬುದ್ಧ ಅಜಾತಶತ್ರುವಿಗೆ ಧ್ಯಾನದ ಫಲಗಳನ್ನು ಒಂದೊಂದಾಗಿ ಹೇಳುವಾಗ ಈ ಮಣಿಯ ಹೋಲಿಕೆ ಕೊಡುತ್ತಾನೆ. ಎಂಟು ಪಟ್ಟಿಯ, ಚೆನ್ನಾಗಿ ಸಾಣೆ ಹಿಡಿದ, ತಿಳಿಯಾದ ವೈಡೂರ್ಯ. ಅದಕ್ಕೊಂದು ತೂತು, ತೂತಿನಲ್ಲಿ ಬಣ್ಣದ ದಾರ. ಕಣ್ಣಿರುವವನು ಅಂಗೈ ಮೇಲಿಟ್ಟು ನೋಡಿದರೆ ಇದು ಮಣಿ, ಇದರೊಳಗಿರುವುದು ದಾರ ಎಂದು ಬೇರೆಬೇರೆ ಕಾಣುತ್ತದೆ. ಧ್ಯಾನಿಗೆ ತನ್ನ ಮೈಯೂ ಅದರಲ್ಲಿ ಪೋಣಿಸಿಕೊಂಡಿರುವ ಅರಿವೂ ಹಾಗೆ ಕಾಣಬೇಕು. ಹೋಲಿಕೆ ಚೆಂದ, ಆದರೆ ನಮ್ಮ ಬೆಕ್ಕಿನಕಣ್ಣಿನಲ್ಲಿ ದಾರ ಪೋಣಿಸಿದರೆ ಅದು ಹೀಗೆ ಸ್ಪಷ್ಟವಾಗಿ ಕಾಣುವುದಿಲ್ಲ, ಒಳಗಿನ ಸೂಜಿಗಳೇ ಮಂಜು ಕಟ್ಟಿರುತ್ತವೆ. ಬುದ್ಧ ಹೇಳುತ್ತಿರುವುದು ಗಾಜಿನಂತೆ ತಿಳಿಯಾದ ಇನ್ನೊಂದು ಕಲ್ಲು, ಇವತ್ತು ಬೆರಿಲ್ ಎನ್ನುವ ಕುಲದ್ದು. ಪಚ್ಚೆಯೂ ಆ ಕುಲದ ಹಸಿರು ಮಗಳೇ.

ಬೆರಿಲ್ ಎಂಬ ಪದದ ಜಾಡು ಹಿಡಿದಾಗ ನಗು ಬಂತು. ವೇಳುರಿಯವೇ ಹಡಗು ಹತ್ತಿ ಗ್ರೀಕರ ಬಾಯಲ್ಲಿ 'ಬೆರಿಲ್ಲೋಸ್' ಆಗಿ, ರೋಮಿನವರಲ್ಲಿ 'ಬೆರಿಲ್ಲಸ್' ಆಗಿದೆ. ಒಂದನೇ ಶತಮಾನದ ಪ್ಲಿನಿ ತನ್ನ ದೊಡ್ಡ ಗ್ರಂಥದ ಕೊನೆಯ ಸಂಪುಟದಲ್ಲಿ, ಇದು ಇಂಡಿಯಾ ಬಿಟ್ಟರೆ ಬೇರೆಡೆ ಸಿಗುವುದು ಅಪರೂಪ, ಅಲ್ಲಿಯವರು ಆರು ಪಟ್ಟಿಯಾಗಿ ಕೊಯ್ದು ಆನೆಯ ಕೂದಲಲ್ಲಿ ಪೋಣಿಸುತ್ತಾರೆ ಎಂದು ಬರೆದು, ಸ್ಫಟಿಕಕ್ಕೆ ಬಣ್ಣ ಹಾಕಿ ನಕಲಿ ಬೆರಿಲ್ ಮಾಡುವುದರಲ್ಲೂ ಇಂಡಿಯಾದವರು ನಿಪುಣರು ಎಂದು ಸೇರಿಸುತ್ತಾನೆ. ಅಪ್ಪ ಬದುಕಿದ್ದರೆ ಈ ಕಡೆಯ ಸಾಲನ್ನು ಅಮ್ಮನಿಗೆ ಎರಡು ಸಲ ಓದಿ ಹೇಳುತ್ತಿದ್ದರು. ಎರಡನೇ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಊರುಗಳ ಉದ್ದನೆಯ ಪಟ್ಟಿಯ ನಡುವೆ 'ಪೌನ್ನಟ' ಎಂದಿದೆ, ಪಕ್ಕದಲ್ಲಿ ಬೆರಿಲ್ ಸಿಗುವ ಜಾಗ ಎಂಬ ಟಿಪ್ಪಣಿ. ಇತಿಹಾಸಕಾರರು ಇದನ್ನು ಪುನ್ನಾಡು ಎಂದು ಗುರುತಿಸುತ್ತಾರೆ. ಪುನ್ನಾಡಿನ ರಾಜಧಾನಿ ಕೀರ್ತಿಪುರ, ಕಬಿನಿ ದಂಡೆಯ ಕಿತ್ತೂರು. ಅದು ಇರುವುದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ.

ನನ್ನ ಊರು! ವಿದೂರ ಅಂದರೆ ಬಹುದೂರ ಎಂದೂ ಅರ್ಥ. ಪಾಣಿನಿ ಕೂತಿದ್ದ ವಾಯವ್ಯದ ಮೂಲೆಯಿಂದ ನೋಡಿದರೆ ನಮ್ಮ ಸೀಮೆ ನಿಜಕ್ಕೂ ಬಹುದೂರವೇ. ಕೆಲವು ಇಂಗ್ಲಿಷ್ ನಿಘಂಟುಗಳು ಈ ಪದ ಮೂಲತಃ ದ್ರಾವಿಡದ್ದು ಎಂದು ಹೇಳಿ, ಒಂದು 'ಬಹುಶಃ' ಹಚ್ಚಿ ನಮ್ಮ ಬೇಲೂರನ್ನೂ ಎಳೆದು ತರುತ್ತವೆ. ಬೇಲೂರಿನ ಹಳೆಯ ಹೆಸರು ವೇಲಾಪುರ ಎಂದು ಗೊತ್ತಿರುವ ನಾವು ಆ 'ಬಹುಶಃ'ವನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಆದರೆ ಇಷ್ಟು ಸಾಕಲ್ಲ. ನಮ್ಮಮ್ಮ ಕಂಡಿಲ್ಲದ ಸಿರಿಗೆ ಗಾದೆಯಾಗಿ ಬಳಸುತ್ತಿದ್ದ ಕಲ್ಲನ್ನು ಟಾಲೆಮಿಯ ಕಾಲದ ವರ್ತಕರು ನಮ್ಮ ಹಿತ್ತಿಲ ಸೀಮೆಯಲ್ಲೇ ಹುಡುಕುತ್ತಿದ್ದರು. ಅದರ ಹೆಸರು ಮಾತ್ರ 'ದೂರದ್ದು'.

ಆ ಹೆಸರು ಆಮೇಲೆ ಎಲ್ಲೆಲ್ಲಿ ಸುತ್ತಿತು! ಜರ್ಮನ್ನರು ಕನ್ನಡಕಕ್ಕೆ 'ಬ್ರಿಲ್ಲೆ' ಎನ್ನುತ್ತಾರೆ. ಮೊದಮೊದಲು ಬೆರಿಲ್, ಸ್ಫಟಿಕಗಳನ್ನು ಉಜ್ಜಿ ಕನ್ನಡಕದ ಗಾಜು ಮಾಡುತ್ತಿದ್ದ ನೆನಪು ಅದು. 1798ರಲ್ಲಿ ಫ್ರಾನ್ಸಿನ ವೋಕ್ಲಾ ಈ ಕಲ್ಲಿನೊಳಗೆ ಹೊಸ ಧಾತುವೊಂದಿದೆ ಎಂದು ಕಂಡುಹಿಡಿದ. ಅದಕ್ಕೆ ಬೆರಿಲಿಯಂ ಎಂಬ ಹೆಸರು ನಿಂತಿತು. ಇಲ್ಲಿ ಇನ್ನೊಂದು ತಮಾಷೆಯಿದೆ. ಅಪ್ಪ ತೋರಿಸಿದ ಅಸಲು ಬೆಕ್ಕಿನಕಣ್ಣು ಕ್ರೈಸೋಬೆರಿಲ್. ಅದು ಬೆರಿಲ್ ಅಲ್ಲ, ಬೇರೆಯೇ ಖನಿಜ. ಆದರೂ ಅದರ ಹೊಟ್ಟೆಯಲ್ಲೂ ಬೆರಿಲಿಯಂ ಇದೆ. ಬುದ್ಧನ ವೈಡೂರ್ಯಕ್ಕೂ ಕೇತುವಿನ ವೈಡೂರ್ಯಕ್ಕೂ ಬಣ್ಣ ಬೇರೆ, ಹೊಳಪು ಬೇರೆ, ಒಳಗೆ ಹರಿಯುವ ಧಾತು ಒಂದೇ. ಹೆಸರನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದವರಿಗೆ ಇದು ಗೊತ್ತಿರಲಿಲ್ಲ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ ಹದಿನೆಂಟು ಕನ್ನಡಿಗಳು ಬೆರಿಲಿಯಂನವು, ಒಂದೊಂದೂ ಆರು ಮೂಲೆಯದು, ಮೇಲೆ ಚಿನ್ನದ ಮುಲಾಮು. ಅಷ್ಟಕ್ಕೂ ಬಳಸಿದ ಚಿನ್ನ ಐವತ್ತು ಗ್ರಾಮಿಗಿಂತ ಕಡಿಮೆ ಎಂದು ಓದಿದಾಗ, ನಾಲ್ಕು ತೊಲದ ಮೇಲೆ ಚೂರು, ಎಂದು ನನ್ನೊಳಗಿನ ಅಕ್ಕಸಾಲಿಯ ಮಗ ಲೆಕ್ಕ ಹಾಕಿಬಿಟ್ಟ. ಬಹುದೂರ ಎಂಬ ಹೆಸರು ಕಡೆಗೂ ಬಹುದೂರವನ್ನೇ ನೋಡಲು ಹೋಗಿದೆ.

ಆದರೆ ನನ್ನ ಜೇಬಿನ ಪ್ರಶ್ನೆ ಕನ್ನಡಕದ್ದೂ ಅಲ್ಲ, ಕನ್ನಡಿಯದ್ದೂ ಅಲ್ಲ. ಅದು ಕಾಯಿಲೆಯ ಮಗುವಿನದು. ಅದಕ್ಕೆ ಹತ್ತಿರದ ಮಾತು ಸಿಕ್ಕಿದ್ದು ಬೈಲಕುಪ್ಪೆಯಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿಗೆ ವರ್ಗವಾಗಿ ಹೋದಾಗ ಭಾನುವಾರಗಳಲ್ಲಿ ಸೈಕಲ್ ತುಳಿದು ಟಿಬೆಟನ್ ಕ್ಯಾಂಪಿಗೆ ಹೋಗುತ್ತಿದ್ದೆ. ಅಲ್ಲೊಂದು ಗೋಡೆಯ ಮೇಲೆ ಬಟ್ಟೆಯ ಚಿತ್ರ: ಪದ್ಮಾಸನದ ಬುದ್ಧ, ಮೈಯೆಲ್ಲ ಕಡುನೀಲಿ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಗಿಡದ ಟೊಂಗೆ, ಟೊಂಗೆಯಲ್ಲಿ ಕಾಯಿ. ಯಾವ ಕಾಯಿ ಎಂದು ಕೇಳಿದೆ. ಕುಶಾಲನಗರದ ಸಂತೆಯಲ್ಲಿ ಕನ್ನಡ ಕಲಿತಿದ್ದ ಮುದುಕ ಭಿಕ್ಷು ನಕ್ಕು, "ಅಳಲೆಕಾಯಿ" ಎಂದರು. ಕೆಮ್ಮು ಬಂದರೆ ಅಮ್ಮ ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುತ್ತಿದ್ದ ಅದೇ ಅಳಲೆಕಾಯಿ. ಈ ಬುದ್ಧ ವೈದ್ಯ. ಭೈಷಜ್ಯಗುರು, ಅವರ ಭಾಷೆಯಲ್ಲಿ ಮೆನ್ಲಾ. ಪೂರ್ತಿ ಹೆಸರಿನಲ್ಲಿ ವೈಡೂರ್ಯಪ್ರಭ ಎಂಬುದೂ ಇದೆ. "ಈ ಮೈಯ ಬಣ್ಣವೇ ಬೈದುರ್ಯ" ಎಂದರು ಭಿಕ್ಷು. ಜೇನಿನ ಬಣ್ಣದ ಕಲ್ಲು ನೋಡಿ ಬೆಳೆದವನಿಗೆ ನೀಲಿಯನ್ನು ತೋರಿಸಿ ಅದೇ ಹೆಸರು!

ಟಿಬೆಟಿನ ಆಡಳಿತ ನಡೆಸಿದ ದೇಸಿ ಸಾಂಗ್ಯೆ ಗ್ಯಾತ್ಸೊ ಹದಿನೇಳನೇ ಶತಮಾನದ ಕೊನೆಯಲ್ಲಿ ಬರೆದ ವೈದ್ಯಗ್ರಂಥದ ಹೆಸರು 'ನೀಲಿ ವೈಡೂರ್ಯ'. ಜ್ಯೋತಿಷ, ಪಂಚಾಂಗದ್ದು 'ಬಿಳಿ ವೈಡೂರ್ಯ'. ಚೀನೀಯರಲ್ಲಿ ಹೆಸರು ಸವೆದು 'ಲ್ಯೂಲಿ' ಆಯಿತು. ಮೊದಲು ರತ್ನ, ಆಮೇಲೆ ಬಣ್ಣದ ಗಾಜು, ಕೊನೆಗೆ ಗುಡಿ, ಅರಮನೆಗಳ ಹೊಳೆಯುವ ಹೆಂಚಿಗೂ ಅದೇ. ಜಪಾನಿನಲ್ಲಿ 'ರುರಿ', ಕಡುನೀಲಿ ಬಣ್ಣದ ಹೆಸರು. ಇಂಗ್ಲಿಷ್ ಅನುವಾದಕರು ಕೆಲವೊಮ್ಮೆ ಬೆರಿಲ್ ಎಂದು, ಹೆಚ್ಚಾಗಿ ಲಾಪಿಸ್ ಲಾಜುಲಿ ಎಂದು ಬರೆಯುತ್ತಾರೆ. ಆಫ್ಘಾನಿಸ್ತಾನದ ಬದಖ್ಶಾನಿನ ಲಾಪಿಸ್ ನೀಲಿಯೇನೋ ಹೌದು, ಆದರೆ ಒಳಗೆ ಬೆಳಕು ಬಿಡದ ಕಲ್ಲು. ಭೈಷಜ್ಯಗುರುವಿನ ಹನ್ನೆರಡು ಸಂಕಲ್ಪಗಳಲ್ಲಿ ಎರಡನೆಯದೋ, ತನ್ನ ಮೈ ವೈಡೂರ್ಯದಂತೆ ಒಳಗೂ ಹೊರಗೂ ನಿರ್ಮಲವಾಗಲಿ ಎಂಬುದು. ಇಷ್ಟೆಲ್ಲ ಸರ್ಕಸ್ಸಿನ ನಡುವೆಯೂ ಹನ್ನೆರಡು ಶತಮಾನಕ್ಕೂ ಮೀರಿ ಕಾಯಿಲೆಯವರು ಈ ಹೆಸರು ಹೇಳಿ ಕೈಮುಗಿಯುತ್ತ ಬಂದಿದ್ದಾರೆ. ಕಲ್ಲು ಯಾವುದೆಂದು ಯಾರೂ ಕೇಳಲಿಲ್ಲ.

ಭಿಕ್ಷು ಹೇಳಿದ ಇನ್ನೊಂದು ಮಾತಿಗೆ ನಾನು ಸೈಕಲ್ ಏರುವುದನ್ನು ಮರೆತು ನಿಂತೆ. ಆ ಹನ್ನೆರಡು ಸಂಕಲ್ಪಗಳಲ್ಲಿ ಒಂದು, ವೈದ್ಯನಿಲ್ಲದ, ಮದ್ದಿಲ್ಲದ, ದಿಕ್ಕಿಲ್ಲದ ರೋಗಿಯ ಕಿವಿಗೆ ನನ್ನ ಹೆಸರು ಬಿದ್ದರೆ ಸಾಕು, ಅವನ ನೋವು ಹೋಗಲಿ ಎಂಬುದು. ಹೆಸರು ಬಿದ್ದರೆ ಸಾಕು. ಆ ಸಂತೆಯ ದಿನದ ಹೆಂಗಸು ಕೇಳಿದ್ದೂ ಇಷ್ಟನ್ನೇ ಅಲ್ಲವೆ? ಹೆಸರೇ ಸಾಕಾದರೆ ಕೈಯಲ್ಲಿ ಅಳಲೆಕಾಯಿ ಯಾಕೆ ಎಂದು ಮೇಷ್ಟರ ಬುದ್ಧಿ ತೋರಿಸಿದೆ. "ಎರಡೂ ಬೇಕು. ಕಾಯಿ ಹೊಟ್ಟೆಗೆ, ಹೆಸರು ಭಯಕ್ಕೆ" ಎಂದರು.

ನಮ್ಮ ದರ್ಶನಗಳಲ್ಲಿ ಅಪ್ಪ ನೈಯಾಯಿಕರ ಪಂಗಡ. ಈ ಪದದಿಂದ ಈ ವಸ್ತು ತಿಳಿಯಲಿ ಎಂಬ ಸಂಕೇತವೇ ಹೆಸರಿನ ಶಕ್ತಿ ಎನ್ನುತ್ತಾರೆ ಅವರು. ಹಳಬರು ಅದು ಈಶ್ವರನ ಇಚ್ಛೆ ಎಂದರೆ, ಹೊಸಬರು ಮನುಷ್ಯರ ಇಚ್ಛೆಯಾದರೂ ನಡೆಯುತ್ತದೆ ಎಂದರು. ಯಾರ ಇಚ್ಛೆಯಾದರೂ ಸರಿ, ನಿಶ್ಚಯವಾದ ಮೇಲೆ ಅದು ಪೇಟೆಯ ತೂಕದ ಬಟ್ಟಿನ ಹಾಗೆ, ಒಬ್ಬ ಅಂಗಡಿಯವ ಬದಲಾಯಿಸುವಂತಿಲ್ಲ. ಅಮ್ಮನೋ ಗೊತ್ತಿಲ್ಲದೆ ಮೀಮಾಂಸಕರ ಜಗುಲಿ ಹತ್ತಿದ್ದರು. ಯಜ್ಞದಲ್ಲಿ ದೇವತೆ ಎಂದರೆ ಮಂತ್ರದಲ್ಲಿ ಬಂದ ಆ ಶಬ್ದವೇ ಎನ್ನುವವರು ಅವರು. ಅಗ್ನಿಗೆ ಎಂದು ವಿಧಿ ಹೇಳಿದಲ್ಲಿ, ಅರ್ಥ ಒಂದೇ ಎಂದು ಪಾವಕ ಎಂಬ ಇನ್ನೊಂದು ಹೆಸರಿನಿಂದ ಹವಿಸ್ಸು ಹಾಕುವಂತಿಲ್ಲ. ಮೈ ಹೊತ್ತು ಬರುವ ದೇವತೆ ಅವರಿಗೆ ಬೇಕಿಲ್ಲ, ಹೆಸರು ಬೇಕು. ರತ್ನದ ವ್ಯಾಪಾರ ಬಿಟ್ಟು ತಂಬೂರಿ ಹಿಡಿದರೆಂದು ನಾವು ನಂಬುವ ಪುರಂದರದಾಸರೂ, ನೀನಿಲ್ಲದಿದ್ದರೂ ನಡೆದೀತು, ನಿನ್ನ ಹೆಸರಿದ್ದರೆ ಸಾಕು ಎಂದು ಹರಿಯನ್ನೇ ಗದರಿಕೊಂಡವರು. ಕಲ್ಲುಗಳನ್ನು ತೂಗಿದ್ದ ಕೈಗೆ ಹೆಸರಿನ ತೂಕವೂ ಸಿಕ್ಕಿರಬೇಕು.

ಕೇತುವನ್ನು ನೋಡಿ. ಅವನಿಗೆ ಮೈಯೇ ಇಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಬಿಂದುಗಳಲ್ಲಿ ಒಂದಕ್ಕೆ ರಾಹು, ಇನ್ನೊಂದಕ್ಕೆ ಕೇತು ಎಂದು ಕರೆದಿದ್ದೇವೆ. ಗ್ರಹಣದ ಲೆಕ್ಕಕ್ಕೆ ಬೇಕು. ಎಂಥ ದುರ್ಬೀನಿಗೂ ಕಾಣುವುದಿಲ್ಲ. ಮೈಯಿಲ್ಲದ ಗ್ರಹಕ್ಕೆ, ಮೈ ಬದಲಾಯಿಸುತ್ತ ಬಂದ ರತ್ನ, ಆ ರತ್ನದಲ್ಲಿ ಇಲ್ಲದ ಗೆರೆ. ಈ ಮೂರನ್ನೂ ಹಿಡಿದು ನಿಲ್ಲಿಸಿರುವುದು ಹೆಸರೊಂದೇ. ನಮ್ಮಲ್ಲಿ ರತ್ನಮ್ಮ, ಮುತ್ತಮ್ಮ, ನೀಲಮ್ಮ, ವಜ್ರಪ್ಪ, ಮಾಣಿಕ್ಯ ಎಲ್ಲರೂ ಇದ್ದಾರೆ. ನನ್ನ ಮೂವತ್ತೆರಡು ವರ್ಷದ ಹಾಜರಿ ಪುಸ್ತಕಗಳಲ್ಲಿ ಒಂದೂ ವೈಡೂರ್ಯ ಬಂದಿಲ್ಲ. ಮಗುವಿನ ಕಿವಿಯಲ್ಲಿ ಉಸುರುವಷ್ಟು ಹತ್ತಿರಕ್ಕೆ ಆ ಹೆಸರನ್ನು ನಾವು ಬಿಟ್ಟುಕೊಂಡಿಲ್ಲ. ದೂರದ್ದನ್ನು ದೂರವೇ ಇಟ್ಟಿದ್ದೇವೆ, ಬೇಕಾದಾಗ ಮಾತ್ರ ಕರೆಯಲು.

ಹಾಗಾದರೆ ಅಮ್ಮನದೇ ಸರಿ ಎಂದು ಕಡತ ಮುಚ್ಚಬಹುದಿತ್ತು. ಮುಚ್ಚಲಾಗಲಿಲ್ಲ. ಬೆಳಗಿನ ಹೊತ್ತು ಟಿವಿ ಹಾಕಿದರೆ ಕೇತುವಿಗೆ ವೈಡೂರ್ಯ ಬರೆದುಕೊಡುವ ಮುಖಗಳು ಕಾಣುತ್ತವೆ. ಹೋದ ವರ್ಷ ನಮ್ಮ ಬೀದಿಯ ಹುಡುಗನೊಬ್ಬ ಕೆಲಸ ಸಿಗಲೆಂದು ಹೀಗೇ ಒಂದು ಉಂಗುರ ತರಿಸಿಕೊಂಡು ತಂದು ತೋರಿಸಿದ. ಅಂಗೈಗೆ ಹಾಕಿಕೊಂಡ ಕೂಡಲೇ ಗೊತ್ತಾಯಿತು. ನೀರಿಗಿಂತ ಹೆಚ್ಚೂಕಡಿಮೆ ಮೂರೂಮುಕ್ಕಾಲು ಪಟ್ಟು ತೂಗಬೇಕಾದ ಕಲ್ಲಿನ ಭಾರ ಅದಕ್ಕಿರಲಿಲ್ಲ. ಸ್ಫಟಿಕವೂ ಅಲ್ಲ, ನಾರು ನಾರಾಗಿ ಎಳೆದ ಗಾಜು, ಅದಕ್ಕೇ ಗೆರೆ ಕತ್ತಿಯಷ್ಟು ಚೂಪು. ಅವನು ಕೊಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ಸೈಕಲ್ ಬರುತ್ತಿತ್ತು. ಇಲ್ಲಿಯೂ ಒಬ್ಬರು ಗಾಜಿಗೆ ವೈಡೂರ್ಯ ಅಂದಿದ್ದಾರೆ, ಇನ್ನೊಬ್ಬ ನಂಬಿ ಹಾಕಿಕೊಂಡಿದ್ದಾನೆ. ನಮ್ಮಮ್ಮ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸ ಏನು?

ಆ ರಾತ್ರಿಯ ಜಗಳದಲ್ಲೇ ಉತ್ತರ ಇತ್ತು. ಅದರ ಅರ್ಧ ಅಪ್ಪನ ಬಾಯಲ್ಲಿ, ಅರ್ಧ ಅಮ್ಮನ ಬಾಯಲ್ಲಿ ಇದ್ದದ್ದರಿಂದ ನನಗೆ ತಿಳಿಯಲು ಇಷ್ಟು ವರ್ಷ ಹಿಡಿಯಿತು. ಅಪ್ಪ ಮೊದಲು 'ಅಲ್ಲ' ಎಂದು ಹೇಳದೆ ಇದ್ದಿದ್ದರೆ ಅಮ್ಮನ 'ವೈಡೂರ್ಯ' ಬರೀ ಮೋಸವಾಗುತ್ತಿತ್ತು. ಅಮ್ಮ ಆಮೇಲೆ ಬಂದು ಹೇಳದೆ ಇದ್ದಿದ್ದರೆ ಅಪ್ಪನ ಸತ್ಯ ಆರು ರೂಪಾಯಿಯ ರಸೀದಿಯಷ್ಟೇ ಆಗುತ್ತಿತ್ತು. ಹೆಸರು ಹಾದಿಯುದ್ದಕ್ಕೂ ಕೈ ಬದಲಾಯಿಸಿದೆ: ಹಸಿರಿನಿಂದ ನೀಲಿಗೆ, ನೀಲಿಯಿಂದ ಜೇನಿನ ಬಣ್ಣಕ್ಕೆ, ಕಲ್ಲಿನಿಂದ ಹೆಂಚಿಗೆ. ಅದರಿಂದ ಯಾರೂ ಹಾಳಾಗಲಿಲ್ಲ. ಹಾಳಾಗುವುದು ಹೆಸರಿಗೆ ಬೆಲೆ ಕಟ್ಟಿ, ಅದನ್ನು ಕಲ್ಲಿನ ಬೆಲೆ ಎಂದು ವಸೂಲು ಮಾಡಿದಾಗ. ಹೆಸರನ್ನು ಕೊಡಬಹುದು, ಮಾರುವಂತಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕಗಳನ್ನು ತಿರುವಿದೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಆ ಹೆಂಗಸಿನ ಹೆಸರು ಅವರು ಬರೆದಿಲ್ಲ, ಊರಿನ ಹೆಸರಿದೆ. ಮುಂದೆ, 'ಬೆಳ್ಳಿ ಉಂಗುರ, ಬೆಕ್ಕಿನಕಣ್ಣು ಸ್ಫಟಿಕ, ಕಲ್ಲು ರೂ. 6' ಎಂದು, ಬೆಳ್ಳಿಯ ಬಾಬ್ತು, ಕೂಲಿ ಎಲ್ಲ ಬೇರೆಬೇರೆಯಾಗಿ. ಹನ್ನೆರಡು ವರ್ಷದ ನಂತರದ ಇನ್ನೊಂದು ಪುಸ್ತಕದಲ್ಲಿ ಅದೇ ಊರು ಮತ್ತೆ ಬಂದಿದೆ. ಅವಳು ಬಂದದ್ದು ನನಗೂ ನೆನಪಿದೆ, ರಜೆಗೆ ಊರಿಗೆ ಬಂದಿದ್ದೆ. ಮಗ ಬೆಳೆದು ಪಕ್ಕದಲ್ಲೇ ನಿಂತಿದ್ದ. ಡಾಕ್ಟರು ಮಾತ್ರೆ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಉಂಗುರದಿಂದಲೋ ಮಾತ್ರೆಯಿಂದಲೋ ಎಂದು ಅಪ್ಪನೂ ಕೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ಅವಳ ಉಂಗುರವನ್ನು ಅವನ ಬೆರಳಿಗೆ ಅಳತೆ ಹೆಚ್ಚಿಸಿಕೊಡಬೇಕಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ಗೆರೆ ಓಡಿಸಿ ನೋಡಿ, ಏನೂ ಹೇಳದೆ ಕೆಲಸಕ್ಕೆ ಕೂತಿದ್ದರು.

ಆ ದಿನದ ಸಾಲು ಅವರ ಗುಂಡುಗುಂಡಾದ ಅಕ್ಷರದಲ್ಲಿ ಹೀಗಿದೆ: 'ಆಯಮ್ಮನ ವೈಡೂರ್ಯ, ಅಳತೆ ದೊಡ್ಡದು ಮಾಡಿದ್ದು, ಬೆಳ್ಳಿ ಸೇರಿಸಿದ್ದು ಅರ್ಧ ಗ್ರಾಂ.' ಬೆಳ್ಳಿಯ ದುಡ್ಡು ಪಕ್ಕದಲ್ಲಿದೆ. ಕೂಲಿಯ ಕಾಲಂನಲ್ಲಿ ಒಂದು ಅಡ್ಡಗೆರೆ.